ಬ್ರೂನೋಗೆ ಫ್ಲೋರೈಡ್ ಆಗಲ್ಲ

ಬೆಂಗಳೂರಿನ ನಾಯಿ ಪಾರ್ಲರುಗಳ ಪ್ಯಾಕೇಜಿನಲ್ಲಿ ಸ್ನಾನ, ಉಗುರು, ಕಿವಿಯ ಜೊತೆಗೆ ಈಗ ಹಲ್ಲುಜ್ಜುವುದೂ ಸೇರಿಕೊಂಡಿದೆ. ತಿಂಗಳಿಗೊಂದು ಸಲ. ಇದೇ ಲೆಕ್ಕದಲ್ಲಿ ಯಜಮಾನರೂ ಸಂಬಳದ ದಿನ ಮಾತ್ರ ಹಲ್ಲುಜ್ಜಿಕೊಂಡು ಆಫೀಸಿಗೆ ಹೋದರೆ ಪಕ್ಕದ ಸೀಟಿನವರೆಲ್ಲ ವರ್ಕ್ ಫ್ರಮ್ ಹೋಮ್ ಕೇಳುತ್ತಾರೆ. ನಾಯಿ ಪಾಪ, ಎಚ್‌ಆರ್‌ಗೆ ಮೇಲ್ ಹಾಕುವುದಿಲ್ಲ.

ಹಲ್ಲಿನ ಪಾಚಿ ಮಾತ್ರ ಪ್ಯಾಕೇಜು ಓದಿಕೊಂಡು ಬರುವುದಿಲ್ಲ. ಬ್ಯಾಕ್ಟೀರಿಯಾಗಳ ಈ ಅಂಟು ಪೊರೆ ಎರಡು ಮೂರು ದಿನಗಳಲ್ಲೇ ಜೊಲ್ಲಿನ ಖನಿಜ ಹೀರಿಕೊಂಡು ಗಾರೆಯಾಗತೊಡಗುತ್ತದೆ. ನಾಯಿಯ ಜೊಲ್ಲಿನಲ್ಲಿ ನಮ್ಮದಕ್ಕಿಂತ ಕ್ಷಾರ ಹೆಚ್ಚು. ಹಾಗಾಗಿ ಅದಕ್ಕೆ ಹುಳುಕು ಕಮ್ಮಿ, ಗಾರೆ ಜಾಸ್ತಿ. ಬಾಯಲ್ಲಿರುವುದು 42 ಹಲ್ಲು ಬೇರೆ, ನಮಗಿಂತ 10 ಹೆಚ್ಚು. ತಿಂಗಳಿಗೊಮ್ಮೆ ಬರುವ ಬ್ರಶ್ಶು ಆ ಗಾರೆಗೇ ಪಾಲಿಶ್ ಹೊಡೆದು, ಪುದೀನ ವಾಸನೆ ಹಚ್ಚಿ, ಜಿಎಸ್‌ಟಿ ಸಮೇತ ಬಿಲ್ಲು ಕೊಟ್ಟು ಕಳಿಸುತ್ತದೆ.

ಇನ್ನೂ ದೊಡ್ಡ ಪ್ಯಾಕೇಜು ಬೇಕೆಂದರೆ ‘ಅರಿವಳಿಕೆ ಇಲ್ಲದ ಸ್ಕೇಲಿಂಗ್’. ಕೇಳಲು ಎಷ್ಟು ಸೌಮ್ಯ! ಇಬ್ಬರು ನಾಯಿಯನ್ನು ಅದುಮಿ ಹಿಡಿಯುತ್ತಾರೆ, ಮೂರನೆಯವನು ಕಣ್ಣಿಗೆ ಕಾಣುವಷ್ಟು ಹಲ್ಲನ್ನು ಕೆರೆಯುತ್ತಾನೆ. ರೋಗ ಇರುವುದು ವಸಡಿನ ಕೆಳಗೆ. ಅಲ್ಲಿ ಕೈಯಾಡಿಸಲು, ಎಕ್ಸ್‌ರೇ ತೆಗೆಯಲು ನಾಯಿಗೆ ಅರಿವಳಿಕೆ ಕೊಟ್ಟು ಮಲಗಿಸಬೇಕು, ಅದಕ್ಕೆ ಪಶುವೈದ್ಯರೇ ಬೇಕು. ಮಂತ್ರಿಗಳು ಬರುವ ಹಿಂದಿನ ರಾತ್ರಿ ಗುಂಡಿಗೆ ಜಲ್ಲಿ ತುಂಬದೆ ಮೇಲೆ ಡಾಂಬರು ಎಳೆದು ಮುಗಿಸುವ ಊರಿನಲ್ಲಿ ಈ ಸೇವೆ ಓಡದೆ ಇನ್ನೆಲ್ಲಿ ಓಡೀತು?

ನಾಯಿಯ ಬಾಯಿಗೆ ಕೈ ಹಾಕಲು ಮನಸ್ಸಿಲ್ಲದವರಿಗಾಗಿ ಅಂಗಡಿಯಲ್ಲಿ ಒಂದು ಗೋಡೆಯೇ ಮೀಸಲು. ನೀರಿಗೆ ಬೆರೆಸುವ ದ್ರವ, ಊಟಕ್ಕೆ ಉದುರಿಸುವ ಪುಡಿ, ದೂರದಿಂದಲೇ ಹೊಡೆಯುವ ಸ್ಪ್ರೇ. ಇಂಥವುಗಳಲ್ಲಿ ಯಾವುದು ನಿಜಕ್ಕೂ ಪಾಚಿ ತಗ್ಗಿಸುತ್ತದೆ ಎಂದು ಪುರಾವೆ ನೋಡಿ ಮುದ್ರೆ ಒತ್ತಲೆಂದೇ ಅಮೆರಿಕದಲ್ಲಿ 1997ರಿಂದ ವೆಟರಿನರಿ ಓರಲ್ ಹೆಲ್ತ್ ಕೌನ್ಸಿಲ್ ಎಂಬುದೊಂದಿದೆ. ನಮ್ಮ ಪುಣ್ಯಕ್ಕೆ ಅಷ್ಟೆಲ್ಲ ರಗಳೆ ಇಲ್ಲ. ಡಬ್ಬಿಯ ಮೇಲೆ ಒಂದು ತುಳಸಿ ಎಲೆ, ಹಲ್ಲು ಕಿಸಿದ ಒಂದು ಗೋಲ್ಡನ್ ರಿಟ್ರೀವರ್ ಇದ್ದರೆ ಪುರಾವೆ ಸಾಕಾಯಿತು.

ಅದೇ ಗೋಡೆಯಲ್ಲಿ ಚುರ್ಪಿ ನೇತಾಡುತ್ತದೆ. ಹಿಮಾಲಯದ ಜನ ಗಂಟೆಗಟ್ಟಲೆ ದವಡೆಯಲ್ಲಿಟ್ಟು ಚಪ್ಪರಿಸುವ, ಯಾಕ್ ಹಾಲಿನ ಗಟ್ಟಿ ಚೀಸು. ಇಲ್ಲಿಗೆ ಇಳಿದ ಮೇಲೆ ಅದು ನಾಯಿಯ ‘ಡೆಂಟಲ್ ಚ್ಯೂ’. ಉಗುರೊತ್ತಿದರೆ ಗುರುತು ಬೀಳದಷ್ಟು ಗಟ್ಟಿ ಇರುವುದನ್ನು ನಾಯಿಗೆ ಕಡಿಯಲು ಕೊಡಬೇಡಿ, ಮೇಲ್ದವಡೆಯ ದೊಡ್ಡ ಹಲ್ಲು ಸೀಳುತ್ತದೆ ಎಂದು ಪಶುವೈದ್ಯರು ಬಡಕೊಳ್ಳುತ್ತಾರೆ. ಆದರೂ ಮಾರಾಟಕ್ಕೇನೂ ಅಡ್ಡಿಯಿಲ್ಲ. ಹಲ್ಲೇ ಹೋದ ಜಾಗದಲ್ಲಿ ಪಾಚಿ ಕಟ್ಟುವುದಿಲ್ಲವಲ್ಲ, ಆ ಮಟ್ಟಿಗೆ ಜಾಹೀರಾತು ಸುಳ್ಳಾಡಿಲ್ಲ.

ಇಷ್ಟೆಲ್ಲ ಸುತ್ತಿ ಬಂದರೂ ಹೆಚ್ಚು ಕೆಲಸ ಮಾಡುವುದು ಯಾವುದಪ್ಪಾ ಎಂದರೆ, ದಿನಕ್ಕೊಮ್ಮೆ ತುಟಿ ಎತ್ತಿ ಬ್ರಶ್ಶಿನಲ್ಲಿ ಉಜ್ಜುವುದು. ಪೇಸ್ಟು ನಾಯಿಯದೇ ಆಗಿರಬೇಕು. ನಮ್ಮದರಲ್ಲಿ ಫ್ಲೋರೈಡ್ ಇರುತ್ತದೆ, ಕೆಲವದರಲ್ಲಿ ಕ್ಸೈಲಿಟಾಲ್ ಎಂಬ ಸಿಹಿ ಇರುತ್ತದೆ. ಆ ಸಿಹಿ ನಾಯಿಯ ರಕ್ತದ ಸಕ್ಕರೆಯನ್ನು ಪಾತಾಳಕ್ಕಿಳಿಸಿ ಜೀವಕ್ಕೇ ಕುತ್ತು ತರಬಲ್ಲದು. ನಾಯಿಗೆ ಬಾಯಿ ಮುಕ್ಕಳಿಸಿ ಉಗುಳಲು ಬರುವುದಿಲ್ಲ, ಹಾಕಿದ್ದೆಲ್ಲ ನುಂಗುತ್ತದೆ. (ಉಗುಳಲು ಬಾರದ ಒಂದು ಪ್ರಾಣಿಯಾದರೂ ಈ ಊರಲ್ಲಿದೆ ಎಂದು ಮೆಜೆಸ್ಟಿಕ್ಕಿನ ಗೋಡೆಗಳು ಸಂತೋಷಪಡಬಹುದು.) ಹಾಗಾಗಿ ನಾಯಿಯ ಪೇಸ್ಟಿಗೆ ಕೋಳಿಯ ರುಚಿ. 2025ರಲ್ಲಿ ಬಿಬಿಎಂಪಿ ಬೀದಿನಾಯಿಗಳಿಗೆ ಕೋಳಿ ಅನ್ನ ಹಾಕುತ್ತೇವೆಂದು ಸುಮಾರು 2.88 ಕೋಟಿ ರೂಪಾಯಿಯ ಟೆಂಡರ್ ಕರೆದಾಗ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪು ಮೂರು ದಿನ ಹಲ್ಲು ಕಡಿದಿತ್ತು. ಈಗ ಈರುಳ್ಳಿ ಬೆಳ್ಳುಳ್ಳಿ ಹೊಸಿಲು ದಾಟದ ಆರನೇ ಮಹಡಿಯ ಮನೆಯಲ್ಲೂ ಕೋಳಿ ಪೇಸ್ಟಿನ ಟ್ಯೂಬು ಇದೆ. “ಬರೀ ಫ್ಲೇವರ್ ರೀ ಅದು” ಎನ್ನುತ್ತಾರೆ. ಟ್ಯೂಬು ಬಾಲ್ಕನಿಯಲ್ಲೇ ಇರಬೇಕು, ಉಜ್ಜುವ ಕೈ ಮನೆಯವರದ್ದಾಗಿರಬಾರದು, ಅಷ್ಟೆ.

ಉಜ್ಜುವ ಕೈ ಪಾವಗಡ ಕಡೆಯಿಂದ ಬಂದ ಕೆಲಸದಾಕೆಯದ್ದು. ಬ್ರೂನೋನ ‘ಮಮ್ಮಿ’ ಸೋಫಾದಿಂದ ಮೊಬೈಲ್ ಹಿಡಿದು ವಿಡಿಯೊ ಮಾಡುತ್ತಾರೆ, ಆಕೆ ನೆಲದ ಮೇಲೆ ಕೂತು ಬೆರಳಿಗೆ ರಬ್ಬರ್ ಬ್ರಶ್ಶು ತೊಟ್ಟು ಅದರ ಕೆನ್ನೆಯೊಳಗೆ ಕೈ ಹಾಕುತ್ತಾಳೆ. ನಾಯಿ ಆಕೆಯ ಮುಂಗೈ ನೆಕ್ಕುತ್ತದೆ. ಆಕೆ ನಕ್ಕಾಗ ಮುಂದಿನ ಹಲ್ಲುಗಳ ಅಡ್ಡಕ್ಕೆ ಕಂದು ಪಟ್ಟೆಗಳು ಕಾಣುತ್ತವೆ. ವಿಡಿಯೊದಲ್ಲಿ ಅದು ಬಾರದ ಹಾಗೆ ಕ್ರಾಪ್ ಮಾಡಲಾಗುತ್ತದೆ.

ಆ ಪಟ್ಟೆಗಳು ಪಾಚಿಯಲ್ಲ, ಯಾವ ಬ್ರಶ್ಶಿಗೂ ಹೋಗುವಂಥವಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಿ ಫ್ಲೋರೈಡ್ ಇರಬಾರದೆಂದು ನಿಯಮ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಎಷ್ಟೋ ಬೋರ್‌ವೆಲ್ಲುಗಳಿಗೆ ನಿಯಮ ಓದಲು ಬರುವುದಿಲ್ಲ. ಹಲ್ಲು ವಸಡಿನೊಳಗೆ ರೂಪುಗೊಳ್ಳುವ ಎಳೆ ವಯಸ್ಸಿನಲ್ಲಿ ಆ ನೀರು ಕುಡಿದರೆ ಬಣ್ಣ ಒಳಗಿನಿಂದಲೇ ಕೂರುತ್ತದೆ. ಊರಿಗೊಂದು ಶುದ್ಧ ನೀರಿನ ಘಟಕ ಬಂತು, ಎಷ್ಟೋ ಕಡೆ ಫಿಲ್ಟರು ಕೆಟ್ಟು ಬಾಗಿಲಿಗೆ ಬೀಗವೂ ಬಿತ್ತು. ಪಾವಗಡದ ಬಿಸಿಲೊಂದನ್ನು ಸರ್ಕಾರ ಚೂರೂ ವ್ಯರ್ಥ ಮಾಡಿಲ್ಲ, ಅಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕು ನಿಂತಿದೆ. ಬ್ರೂನೋಗೆ ತರಿಸಿರುವ ಬ್ಯಾಟರಿ ಬ್ರಶ್ಶು ಚಾರ್ಜ್ ಆಗಲು ಕರೆಂಟು ಬೇಕಲ್ಲ. ಊರಿನವರ ಹಲ್ಲಿನ ಬಗ್ಗೆಯೂ ಕಾಳಜಿ ಇಲ್ಲವೆಂದಲ್ಲ. ವಯಸ್ಸಾಗಿ, ಬಿಪಿಎಲ್ ಕಾರ್ಡಿದ್ದು, ಹಲ್ಲು ಪೂರಾ ಉದುರಿದವರಿಗೆ ಉಚಿತವಾಗಿ ಕಟ್ಟಿಸಿಕೊಡಲು ‘ದಂತ ಭಾಗ್ಯ’ ಯೋಜನೆ ತಂದಿದ್ದರು. ಉದುರುವ ತನಕ ತಾಳ್ಮೆ ಬೇಕು.

ಮೊನ್ನೆ ಹೊಸ ಟ್ಯೂಬು ಬಂದಿತ್ತು. ಮೇಡಮ್ ಅದರ ಮೇಲಿನ ದಪ್ಪಕ್ಷರ ಓದಿ ಹೇಳಿದರು: “ನೋಡಿ ಅಕ್ಕ, ಇದರಲ್ಲಿ ಫ್ಲೋರೈಡ್ ಇಲ್ಲವೇ ಇಲ್ಲ. ಅದಕ್ಕೇ ಇಷ್ಟು ರೇಟು.”

“ಅಂಗಾರೆ ನಮ್ಮೂರ್ ನೀರು ಒಂದ್ ಕ್ಯಾನು ತಂದ್ಕೊಡ್ಲಾ ಅಮ್ಮ? ಅದ್ರಾಗೆ ಬೇಕಾದಷ್ಟೈತೆ, ಪುಕ್ಕಟೆ.”

“ಅಯ್ಯೋ ಬೇಡ ಬೇಡ!” ಮೇಡಮ್ ಗಾಬರಿಯಾದರು. “ಅವನ ಹಲ್ಲು ಹಾಳಾಗಿಬಿಡುತ್ತೆ.”