ಕೂದಲಿನ ಮಾತ್ರೆ, ಥೈರಾಯ್ಡ್ ರಿಪೋರ್ಟು

ಇವತ್ತು ಕಾಸರಗೋಡಿನ ಬದಿಯಡ್ಕದ ಒಂದು ಮೆಡಿಕಲ್ ಶಾಪಿನಲ್ಲಿ ಕಾಲೇಜು ಹುಡುಗಿಯೊಬ್ಬಳು ಕೇಳಿದಳು, "ಬಯೋಟಿನ್ ಉಂಟಾ? ಹತ್ತು ಸಾವಿರದ್ದು." ಕೂದಲು ಉದುರಬಾರದೆಂದು ಜನ ನುಂಗುವ ವಿಟಮಿನ್ ಅದು. ಎಂತಕ್ಕೆ ಅಂತ ಯಾರೂ ಕೇಳಲಿಲ್ಲ. ಡಬ್ಬ ಕೈಗೆ ಬಂತು. ನನಗೆ ಪಿತ್ತ ನೆತ್ತಿಗೇರಿತು.

ಹತ್ತು ಸಾವಿರ ಮೈಕ್ರೋಗ್ರಾಂ ಮಾರಾಯ್ರೇ! ದೊಡ್ಡವರಿಗೆ ದಿನಕ್ಕೆ 30 ಸಾಕು. ಮೊಟ್ಟೆಯ ಹಳದಿ, ನೆಲಕಡಲೆ, ಗೆಣಸು ತಿನ್ನುವ ನಮಗೆ ಅದು ಸಿಕ್ಕೇ ಸಿಗುತ್ತದೆ. ಊಟದಲ್ಲಿ ಬಯೋಟಿನ್ ಪ್ರೊಟೀನಿಗೆ ಅಂಟಿಕೊಂಡಿರುತ್ತದೆ. ಬಯೋಟಿನಿಡೇಸ್ ಎಂಬ ಕಿಣ್ವ ಅದನ್ನು ಬಿಡಿಸುತ್ತದೆ, ಸಣ್ಣ ಕರುಳು ಒಳಗೆಳೆದುಕೊಳ್ಳುತ್ತದೆ. ಆಮೇಲೆ ಅದು 5 ಕಿಣ್ವಗಳಿಗೆ ಅಂಟಿಕೊಂಡು ದುಡಿಯುತ್ತದೆ. ಕೊಬ್ಬು ತಯಾರಿಸಲು, ಹಸಿದಾಗ ಗ್ಲೂಕೋಸ್ ಮಾಡಲು, ಕೆಲವು ಅಮೈನೋ ಆಮ್ಲಗಳನ್ನು ಒಡೆಯಲು ಬೇಕಾದ ಕಿಣ್ವಗಳು ಅವು. ಕಿಣ್ವ ಹಳತಾದರೆ ಬಯೋಟಿನನ್ನು ಬಿಡಿಸಿ ಮತ್ತೆ ಬಳಸಿಕೊಳ್ಳುತ್ತದೆ ದೇಹ. ಹಳೇ ಕಾಲದ ಅಜ್ಜಿಯ ಅಡುಗೆಮನೆಯ ಹಾಗೆ, ಒಂದಿಷ್ಟೂ ದಂಡವಿಲ್ಲ. ಅದಕ್ಕೆ ನಾವು 300 ಪಾಲಿಗಿಂತ ಜಾಸ್ತಿ ಸುರಿಯುವುದು!

(ಹಸಿ ಮೊಟ್ಟೆ ಕುಡಿಯುವ ಜಿಮ್ ವೀರರೇ, ದಿನವೂ ಹಾಗೆ ಕುಡಿದರೆ ಕೊರತೆ ಬಂದೀತು. ಬಿಳಿಯಲ್ಲಿರುವ ಅವಿಡಿನ್ ಎಂಬ ಪ್ರೊಟೀನ್ ಬಯೋಟಿನನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೇಯಿಸಿ ತಿನ್ನಿ.)

"ನೀರಲ್ಲಿ ಕರಗುವ ವಿಟಮಿನ್ ಅಲ್ವಾ ಅಕ್ಕಾ, ಜಾಸ್ತಿಯಾದ್ದು ಮೂತ್ರದಲ್ಲಿ ಹೋಗ್ತದೆ" ಅನ್ನುತ್ತೀರಿ. ಹೋಗುತ್ತದೆ, ಯಾರು ಇಲ್ಲ ಅಂದದ್ದು? ಹೋಗುವ ಮೊದಲು ರಕ್ತದಲ್ಲಿ ಇರುತ್ತದಲ್ಲ! ನಾನು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಹಾರ್ಮೋನ್ ನೋಡುವ ಹಲವು ಕಿಟ್‌ಗಳಲ್ಲಿ ಅಂಟಿಸುವ ಕೆಲಸಕ್ಕೆ ಇರುವುದೇ ಬಯೋಟಿನ್. ರಕ್ತದಲ್ಲೂ ಅದೇ ತುಂಬಿದ್ದರೆ ಲೆಕ್ಕ ತಪ್ಪುತ್ತದೆ. ಥೈರಾಯ್ಡನ್ನು ದುಡಿಸುವ ಹಾರ್ಮೋನ್ ಟಿಎಸ್‌ಎಚ್ ಸುಳ್ಳೇ ಕಮ್ಮಿ, ಥೈರಾಯ್ಡ್ ತಯಾರಿಸುವ ಹಾರ್ಮೋನ್ ಟಿ4 ಸುಳ್ಳೇ ಜಾಸ್ತಿ. ಇಲ್ಲದ ಥೈರಾಯ್ಡ್ ಕಾಯಿಲೆಗೆ ಹೆದರಿ ತಲಪಾಡಿ ಗಡಿ ದಾಟಿ ಮಂಗಳೂರಿಗೆ ಓಡಬೇಕು. ಹೃದಯಾಘಾತ ಪತ್ತೆ ಮಾಡುವ ಟ್ರೋಪೋನಿನ್ ಕೂಡ ಕಮ್ಮಿ ತೋರಿಸಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ.

ತಮಾಷೆ ನೋಡಿ. ಕೂದಲು ಉದುರಲು ಥೈರಾಯ್ಡ್ ಕಾರಣವಾಗಿರಬಹುದು, ಕಬ್ಬಿಣದ ಕೊರತೆಯೋ ಬಾಣಂತನವೋ ಇರಬಹುದು. ಬಯೋಟಿನ್ ಕೊರತೆ ಬಲು ಅಪರೂಪ. ಕಾರಣ ಹುಡುಕುವ ಪರೀಕ್ಷೆಯನ್ನೇ ಈ ಮಾತ್ರೆ ಕೆಡಿಸುತ್ತದೆ.

ನನಗೇನು ಕೂದಲ ಚಿಂತೆ ಇಲ್ಲ ಅಂದುಕೊಳ್ಳಬೇಡಿ. ಬಾಚಣಿಗೆ ನೋಡಿದರೆ ಬೆಳಿಗ್ಗೆಯೇ ಅಳು ಬರುತ್ತದೆ. ಹಾಗಂತ ಸುಮ್ನೆ ನುಂಗುವುದಾ?

ನುಂಗಿದರೂ ನಮಗೆ ಹೇಳಿ. ಕನಿಷ್ಠ 2 ದಿನ ನಿಲ್ಲಿಸಿ ಬಂದರೆ ಸಾಮಾನ್ಯವಾಗಿ ಸಾಕು. ಸೂಜಿ ಹಿಡಿದು "ಯಾವ ಮಾತ್ರೆ ತಗೊಳ್ತೀರಿ?" ಅಂತ ಕೇಳಿದರೆ "ಎಂತದೂ ಇಲ್ಲ" ಅನ್ನುತ್ತಾರೆ. ರಿಪೋರ್ಟು ಕೆಟ್ಟ ಮೇಲೆ ಬ್ಯಾಗಿನಿಂದ ಡಬ್ಬ ಹೊರಗೆ ಬರುತ್ತದೆ.