ಖಾಲಿ ಡಿಸ್ಕ್ ಕೊಳ್ಳುವ ಮುನ್ನ ಅದರ ಹೆತ್ತವರು ಯಾರು ಅಂತ ಕೇಳಿ

ಖಾಲಿ ಸಿಡಿ, ಡಿವಿಡಿ ಕೊಳ್ಳುವವರು ಇವತ್ತಿಗೂ ಡಬ್ಬಿ ಮೇಲಿನ ಬ್ರ್ಯಾಂಡ್ ನೋಡಿಯೇ ದುಡ್ಡು ಕೊಡ್ತಾರೆ. ಆದರೆ ಈ ವ್ಯಾಪಾರದಲ್ಲಿ ಬ್ರ್ಯಾಂಡ್ ಅನ್ನೋದು ಬಹಳಷ್ಟು ಸಲ ಮೇಲೆ ತೊಡಿಸಿದ ಅಂಗಿ ಅಷ್ಟೇ. ಅದೇ ಹೆಸರು, ಅದೇ ಮಾದರಿ, ಅದೇ ಡಬ್ಬಿ. ಒಳಗಿನ ಡಿಸ್ಕ್ ಮಾತ್ರ ಈ ಸಲ ಒಂದು ಕಾರ್ಖಾನೆಯದ್ದು, ಮುಂದಿನ ಸಲ ಇನ್ನೊಂದರದ್ದು. ಹೋದ ವರ್ಷ ಚೆನ್ನಾಗಿತ್ತು ಅಂತ ಈ ವರ್ಷವೂ ಅದನ್ನೇ ತಂದು ಮೋಸ ಹೋಗೋದು ಹೀಗೆ.

ಡಿಸ್ಕಿನ ನಿಜವಾದ ಗುರುತು ಅದರೊಳಗೇ ಇರುತ್ತೆ. ಅದಕ್ಕೆ ಮೀಡಿಯಾ ಕೋಡ್ ಅಂತಾರೆ. ಖಾಲಿ ಡಿಸ್ಕನ್ನು ಡ್ರೈವಿಗೆ ಹಾಕಿ ಇಮ್ಗ್‌ಬರ್ನ್ ಅನ್ನೋ ತಂತ್ರಾಂಶ ತೆರೆದರೆ ಬಲಗಡೆಯ ವಿವರಗಳಲ್ಲಿ 'ಡಿಸ್ಕ್ ಐಡಿ' ಅಂತ ಕಾಣುತ್ತೆ. ಲಿನಕ್ಸ್ ಬಳಸುವವರಿಗೆ ಡಿವಿಡಿ ಪ್ಲಸ್ ಆರ್‌ಡಬ್ಲ್ಯೂ ಮೀಡಿಯಾಇನ್ಫೋ (dvd+rw-mediainfo) ಅನ್ನೋ ಕಮಾಂಡ್ ಇದೆ. ಎಂಸಿಸಿ 004 ಅಂತಿದ್ದರೆ ಅದು ಮಿತ್ಸುಬಿಷಿ ಕೆಮಿಕಲ್ ರೂಪಿಸಿದ 16 ಎಕ್ಸ್ (ಎಕ್ಸ್ ಅಂದರೆ ಬರೆಯುವ ವೇಗದ ಗುರುತು) ಡಿವಿಡಿ ಪ್ಲಸ್ ಆರ್, ಅಂದರೆ ವರ್ಬ್ಯಾಟಿಮ್‌ನ ಹೆಸರುವಾಸಿ ಆಜೋ ಡಿಸ್ಕ್; ಆಜೋ ಅನ್ನೋದು ಅದರ ಡೈಯ, ಅಂದರೆ ಮಾಹಿತಿ ಬರೆಯುವ ಬಣ್ಣದ ಪದರದ, ಹೆಸರು. ಡಿವಿಡಿಯ ಇನ್ನೊಂದು ಬಗೆಯಾದ ಮೈನಸ್ ಆರ್‌ನಲ್ಲಿ ಅದರ ಜೋಡಿ ಎಂಸಿಸಿ 03ಆರ್‌ಜಿ20. ಟಿವೈಜಿ03 ಅಂದರೆ ಜಪಾನಿನ ತಯಾರಕ ತೈಯೋ ಯುಡೆನ್. ಸಿಡಿ-ಆರ್‌ಗಳಲ್ಲಿ ಹೆಸರಿನ ಬದಲು ಸಮಯದ ರೂಪದ ಸಂಖ್ಯೆ ಇರುತ್ತೆ: 97 ನಿಮಿಷ 24 ಸೆಕೆಂಡ್ ಅಂತ ಬಂದರೆ ತೈಯೋ ಯುಡೆನ್, 97:26 ಸಿಎಂಸಿ, 97:15 ರೈಟೆಕ್.

ಇಲ್ಲಿಗೆ ಕೆಲಸ ಮುಗಿಯಲ್ಲ. ಕೋಡ್ ಹೇಳೋದು ಅಚ್ಚು ಯಾರದ್ದು ಅಂತ, ಡಿಸ್ಕನ್ನು ಇವತ್ತು ಒತ್ತಿದ ಕೈ ಯಾವುದು ಅಂತ ಅಲ್ಲ. ತೈಯೋ ಯುಡೆನ್ 2015ರಲ್ಲೇ ಡಿಸ್ಕ್ ವ್ಯವಹಾರ ಬಿಟ್ಟಿತು. ಮಿತ್ಸುಬಿಷಿ ಕೆಮಿಕಲ್ ತನ್ನ ವರ್ಬ್ಯಾಟಿಮ್ ವ್ಯವಹಾರವನ್ನು ತೈವಾನಿನ ಸಿಎಂಸಿಗೆ ಮಾರಿತು. ಟಿವೈಜಿ02 ಕೋಡನ್ನು ಕದ್ದು ಹಾಕಿದ ನಕಲಿ ಡಿಸ್ಕ್‌ಗಳು ಒಂದು ಕಾಲದಲ್ಲಿ ಹೇರಳವಾಗಿ ಓಡಾಡಿದವು. ಹಾಗಾಗಿ ಕೋಡನ್ನು ಕೆಟ್ಟದ್ದನ್ನು ದೂರ ಇಡೋಕೆ ಬಳಸಿ. ಒಳ್ಳೆಯದು ಅಂತ ತೀರ್ಮಾನ ಮಾಡೋಕೆ ಪರೀಕ್ಷೆಯೇ ಆಗಬೇಕು.

ಪರೀಕ್ಷೆ ಅಂದರೆ ಏನು? ಮೊದಲೇ 100ರ ಡಬ್ಬಿ ತರಬೇಡಿ, 10ರದ್ದು ತನ್ನಿ. ಒಂದನ್ನು ಅಂಚು ಹಿಡಿದು ಎತ್ತಿ ದೀಪದ ಕೆಳಗೆ ಓರೆಯಾಗಿ ತಿರುಗಿಸಿ. ಬಣ್ಣ ನಡುವಿನಿಂದ ಅಂಚಿನವರೆಗೆ ಒಂದೇ ಸಮ ಇರಬೇಕು. ಡೈಯನ್ನು ತಿರುಗುತ್ತಿರುವ ಡಿಸ್ಕಿನ ಒಳಭಾಗಕ್ಕೆ ಸುರಿದು ಹೊರಕ್ಕೆ ಹರಡಿಸುತ್ತಾರೆ. ನಡುವೆ ಒಂದು ಧೂಳಿನ ಕಣ ಸಿಕ್ಕರೂ ಅದರ ಹಿಂದೆ ಧೂಮಕೇತುವಿನ ಬಾಲದ ಹಾಗೆ ತೆಳುವಾದ ಗೆರೆ ಉಳಿಯುತ್ತೆ. ಅಂಥ ಬಾಲ ಕಂಡರೆ ಆ ಡಿಸ್ಕನ್ನು ಪಕ್ಕಕ್ಕಿಡಿ. ಆಮೇಲೆ ಅಂಚನ್ನು ನೋಡಿ. ಡಿವಿಡಿ ಅಂದರೆ 0.6 ಮಿಲಿಮೀಟರಿನ ಎರಡು ಪ್ಲಾಸ್ಟಿಕ್ ತಟ್ಟೆ ಅಂಟಿಸಿದ್ದು. ಅಂಟು ಅಂಚಿನವರೆಗೆ ಸಮವಾಗಿ ತಲುಪದೆ ಕೆಲವು ಕಡೆ ಬೆಳ್ಳಗೆ, ಬಿಟ್ಟುಬಿಟ್ಟು ಕಂಡರೆ ಆ ದಾರಿಯಲ್ಲೇ ತೇವ ಒಳಗೆ ಹೋಗೋದು.

ಈಗ ಆ ಡಿಸ್ಕನ್ನು ಪೂರ್ತಿ ತುಂಬಿಸಿ ಬರ್ನ್ ಮಾಡಿ. ಅರ್ಧ ತುಂಬಿದ ಡಿಸ್ಕ್ ಏನೂ ಹೇಳಲ್ಲ, ಯಾಕೆಂದರೆ ಬರೆಯೋದು ಒಳಗಿನಿಂದ ಹೊರಕ್ಕೆ, ಕಳಪೆ ಡಿಸ್ಕ್ ಹಲ್ಲು ತೋರಿಸೋದು ಹೊರ ಅಂಚಿನಲ್ಲಿ. ಲೈಟ್‌ಆನ್ ಕಂಪನಿಯದ್ದರಂಥ, ದೋಷ ಎಣಿಸಬಲ್ಲ ಡ್ರೈವ್ ಇದ್ದರೆ ನೀರೋ ಡಿಸ್ಕ್‌ಸ್ಪೀಡ್ ಅಥವಾ ಆಪ್ಟಿ ಡ್ರೈವ್ ಕಂಟ್ರೋಲ್ ತಂತ್ರಾಂಶದಲ್ಲಿ ಸ್ಕ್ಯಾನ್ ಮಾಡಿ. ಡಿವಿಡಿಯಲ್ಲಿ ಪಿಐ ದೋಷಕ್ಕೆ (ಓದುವಾಗ ಮೊದಲ ಸುತ್ತಿನಲ್ಲಿ ಸಿಗುವ ಸಣ್ಣ ದೋಷ) ಮಾನದಂಡದ ಮಿತಿ 280, ಆದರೆ ಒಳ್ಳೆಯ ಡಿಸ್ಕ್ ಅದರ ಹತ್ತಿರಕ್ಕೂ ಹೋಗಬಾರದು. ಪಿಐಎಫ್, ಅಂದರೆ ಆ ಸುತ್ತಿನಲ್ಲಿ ಸರಿಹೋಗದೆ ಉಳಿದ ದೋಷ, 4 ದಾಟಬಾರದು. ಸಿಡಿಯಲ್ಲಿ ಸಿ1, ಅಂದರೆ ಸಣ್ಣ ದೋಷ, ಸೆಕೆಂಡಿಗೆ ಸರಾಸರಿ 220ರ ತನಕ ಮಾನದಂಡ ಒಪ್ಪುತ್ತೆ. ಅಲ್ಲಿ ಸರಿಹೋಗದೆ ಉಳಿದ ಸಿ2 ಮಾತ್ರ ಸೊನ್ನೆಯೇ ಇರಬೇಕು, ಅದರಲ್ಲಿ ಚೌಕಾಸಿ ಇಲ್ಲ. ಸಂಖ್ಯೆಗಿಂತ ಗ್ರಾಫಿನ ಆಕಾರ ನೋಡಿ: ಕೊನೆಯ ಭಾಗದಲ್ಲಿ ಗೋಡೆಯ ಹಾಗೆ ಎದ್ದು ನಿಂತರೆ ಆ ಡಬ್ಬಿಯನ್ನು ಮುಖ್ಯವಾದದ್ದಕ್ಕೆ ಬಳಸಬೇಡಿ. ಸ್ಕ್ಯಾನ್ ಮಾಡೋ ಡ್ರೈವ್ ಇಲ್ಲದಿದ್ದರೆ ಅದೇ ತಂತ್ರಾಂಶದಲ್ಲಿ ಓದುವ ವೇಗದ ಗ್ರಾಫ್ ಮಾಡಿ ನೋಡಿ. ಅದು ಮೇಲಕ್ಕೆ ನಯವಾಗಿ ಏರಬೇಕು. ನಡುವೆ ಕುಸಿದರೆ ಡ್ರೈವ್ ಆ ಜಾಗವನ್ನು ಓದಲು ತಿಣುಕಾಡಿದೆ ಅಂತಲೇ ಅರ್ಥ. ಇದೇ ಪರೀಕ್ಷೆಯನ್ನು, ಡಿಸ್ಕ್ ಬರೆದ ಡ್ರೈವ್ ಬಿಟ್ಟು ಇನ್ನೊಂದು ಡ್ರೈವಿನಲ್ಲೂ ಮಾಡಿ.

ಡಿಸ್ಕ್ ಒಳ್ಳೆಯದಾಗಿದ್ದೂ ಬರ್ನ್ ಕೆಡೋದು ವೇಗದಿಂದ. 16 ಎಕ್ಸ್ ಡಿಸ್ಕಿಗೆ 8 ಎಕ್ಸ್ ಹದವಾದ ವೇಗ. ನಿಧಾನ ಆದಷ್ಟೂ ಒಳ್ಳೆಯದು ಅನ್ನೋ ನಂಬಿಕೆ ತಪ್ಪು: ಪ್ರತಿ ಕೋಡಿಗೂ, ಪ್ರತಿ ವೇಗಕ್ಕೂ ಲೇಸರ್ ಎಷ್ಟು ಉರಿಯಬೇಕು ಅನ್ನೋದು ಡ್ರೈವಿನ ಫರ್ಮ್‌ವೇರಿನಲ್ಲಿ (ಡ್ರೈವಿನೊಳಗೇ ಇರುವ ತಂತ್ರಾಂಶ) ಬರೆದಿರುತ್ತೆ, ಅತಿ ಕಡಿಮೆ ವೇಗಕ್ಕೆ ಹೊಸ ಡಿಸ್ಕ್‌ನ ಡೈ ಹೊಂದಿಕೊಂಡಿರೋದಿಲ್ಲ. ಹಾಗಾಗಿ ಡಿಸ್ಕನ್ನು ಬೈಯುವ ಮೊದಲು ಫರ್ಮ್‌ವೇರ್ ಹೊಸದು ಮಾಡಿ ನೋಡಿ. 4.7 ಜಿಬಿ ಅಂತ ಬರೆದಿದ್ದರೂ, ಪರೀಕ್ಷೆ ಮುಗಿದ ಮೇಲೆ ಉಳಿಸಿಕೊಳ್ಳಬೇಕಾದ ಕಡತ ಬರೆಯುವಾಗ 4.2 ಜಿಬಿಗೆ ನಿಲ್ಲಿಸಿದರೆ ಆ ದುರ್ಬಲ ಅಂಚಿನ ಗೊಡವೆಯೇ ಇರಲ್ಲ.

ಬ್ಲೂ-ರೇ ಕೊಳ್ಳುವವರು ಒಂದು ಮಾತು ಗಟ್ಟಿಯಾಗಿ ನೆನಪಿಡಿ: ಡಬ್ಬಿಯಲ್ಲಿ ಎಲ್‌ಟಿಎಚ್ ಅಂತ ಕಂಡರೆ ವಾಪಸ್ ಇಡಿ. ಅದರಲ್ಲಿರೋದು ಸಾವಯವ ಡೈ, ಬೆಳಕಿಗೂ ಬಿಸಿಗೂ ಸೋಲುವಂಥದ್ದು. ಸಾಮಾನ್ಯ ಬಿಡಿ-ಆರ್‌ನ (ಒಮ್ಮೆ ಬರೆಯುವ ಬ್ಲೂ-ರೇ) ಪದರ ಅಜೈವಿಕ, ದೀರ್ಘಕಾಲಕ್ಕೆ ಅದೇ ಮೇಲು. ಬಹುಕಾಲ ಬಾಳುತ್ತೆ ಅಂತ ಮಾರುವ ಎಂ-ಡಿಸ್ಕ್ ಕೂಡ ಅದೇ ಜಾತಿಯದ್ದು. ಡಬಲ್ ಲೇಯರ್ ಡಿವಿಡಿಗಿಂತ 25 ಜಿಬಿಯ ಒಂದೇ ಪದರದ ಬಿಡಿ-ಆರ್ ತರೋದೇ ವಾಸಿ. ಪ್ಯಾನಸಾನಿಕ್ 2023ರಲ್ಲಿ, ಸೋನಿ 2025ರಲ್ಲಿ ಖಾಲಿ ಬ್ಲೂ-ರೇ ತಯಾರಿಕೆ ನಿಲ್ಲಿಸಿವೆ. ಆ ಹೆಸರಲ್ಲಿ ಈಗ ಸಿಗೋದು ಹಳೆಯ ದಾಸ್ತಾನು. ಖಾಲಿ ಡಿಸ್ಕಿಗೂ ವಯಸ್ಸಾಗುತ್ತೆ ಅನ್ನೋದನ್ನು ಮಾರುವವರು ಹೇಳಲ್ಲ.

ಸಿಡಿ-ಆರ್‌ನಲ್ಲಿ ಜೋಪಾನ ಮಾಡಬೇಕಾದ್ದು ಮೇಲ್ಮುಖ. ಹೊಳೆಯುವ ಲೋಹದ ಪದರಕ್ಕೂ ನಿಮ್ಮ ಉಗುರಿಗೂ ನಡುವೆ ಇರೋದು ಕೂದಲಿಗಿಂತ ತೆಳುವಾದ ಮೆರುಗೆಣ್ಣೆ ಅಷ್ಟೇ. ಅಲ್ಲಿ ಬಾಲ್‌ಪೆನ್ನಿನಲ್ಲಿ ಬರೆದರೆ ಮಾಹಿತಿ ಹೋದಂತೆಯೇ. ನೀರಿನ ಶಾಯಿಯ ಮೆದು ಮೊನೆಯ ಮಾರ್ಕರ್ ಬಳಸಿ, ಅದೂ ನಡುವಿನ ಪಾರದರ್ಶಕ ಬಳೆಯ ಮೇಲೆ. ಕಾಗದದ ಸ್ಟಿಕರ್ ಯಾವ ಡಿಸ್ಕಿಗೂ ಬೇಡ, ಒಂದು ಕಡೆ ಎದ್ದರೂ ತೂಕ ತಪ್ಪಿ ಡಿಸ್ಕ್ ನಡುಗುತ್ತೆ.

ಕಳೆದುಕೊಳ್ಳಲು ಮನಸ್ಸಿಲ್ಲದ ಕಡತಗಳಿದ್ದರೆ ಬೇರೆ ಬೇರೆ ಕೋಡಿನ ಎರಡು ಡಿಸ್ಕ್‌ಗಳಲ್ಲಿ ಒಂದೇ ಮಾಹಿತಿ ಬರೆಯಿರಿ. ಒಂದೇ ಡಬ್ಬಿಯ ಎರಡು ಪ್ರತಿ ಒಟ್ಟಿಗೇ ಕೆಡೋ ಸಾಧ್ಯತೆ ಹೆಚ್ಚು. ಜೊತೆಗೆ, ಅಂಚಿಗೆ ಹೋಗದೆ ಉಳಿದ ಜಾಗಕ್ಕೆ ಪಾರ್2 ಕಡತಗಳನ್ನು (ಕೆಟ್ಟ ಭಾಗವನ್ನು ಮತ್ತೆ ಕಟ್ಟಲು ನೆರವಾಗುವ ಕಡತಗಳು) ಹಾಕಿ, ಬರೆದ ಮೇಲೆ ವೆರಿಫೈ ಮಾಡಿ, ತಾರೀಕು ಮತ್ತು ಕೋಡನ್ನು ಡಬ್ಬಿಯ ಚೀಟಿಯಲ್ಲಿ ಬರೆದು, ಬಿಸಿಲು ಬೀಳದ ಒಣ ಜಾಗದಲ್ಲಿ ನೇರವಾಗಿ ನಿಲ್ಲಿಸಿಡಿ. ವರ್ಷಕ್ಕೊಮ್ಮೆ ಅದೇ ಸ್ಕ್ಯಾನ್ ಮತ್ತೆ ಮಾಡಿ, ಮೊದಲ ಗ್ರಾಫಿನ ಪಕ್ಕದಲ್ಲಿಟ್ಟು ನೋಡಿ. ಏರಿಕೆ ಕಂಡ ಕೂಡಲೇ, ಇನ್ನೂ ಓದಲು ಬರುತ್ತಿರುವಾಗಲೇ, ಹೊಸ ಡಿಸ್ಕಿಗೆ ಸಾಗಿಸಿ.