ಈಡು ತುಂಬಿದ ಕೈ ಯಾರದು?

ನಮ್ಮ ತೀರ್ಥಹಳ್ಳಿ, ಹೊಸನಗರದ ಕಡೆ ಕೋವಿ ಮಾತು ಬಂದರೆ ಯಾರ ಮನೆಯದು ಜೋಡು ನಳಿಗೆ, ಯಾರದು ಎಷ್ಟು ದೂರ ಹೊಡೆಯುತ್ತೆ ಅನ್ನೋದೇ ಚರ್ಚೆ. ನಳಿಗೆಯ ಬಾಯಿಂದ ಮದ್ದು, ಗುಂಡು ತುಂಬಿ ಕೇಪು ಇಟ್ಟು ಹೊಡೆಯುವ ಕೇಪಿನ ಕೋವಿ ಅಂದರೆ ಮೂಗು ಮುರಿಯುತ್ತಾರೆ. ಈಡು, ಅಂದರೆ ಒಂದು ಸಲ ಹಾರಿಸುವಷ್ಟು ಮದ್ದು-ಗುಂಡು, ಅದನ್ನು ತುಂಬಿದ ಕೈ ಯಾರದು ಅಂತ ಒಬ್ಬರೂ ಕೇಳಲ್ಲ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದೇ ಅದು.

ಅಮೆರಿಕದಲ್ಲಿರುವ ನನ್ನ ತಮ್ಮನ ಹತ್ತಿರ 1874ರ ಮಾದರಿಯ ಶಾರ್ಪ್ಸ್ ರೈಫಲ್ ಇದೆ. ಹಳೆಯದಲ್ಲ, ಇಟಲಿಯ ಪೆಡರ್ಸೋಲಿಯವರು ಅದೇ ಅಚ್ಚಿನಲ್ಲಿ ಮಾಡಿದ್ದು. ಒಂದು ಸಲಕ್ಕೆ ಒಂದೇ ತೋಟಾ, ಅಂದರೆ ಮದ್ದು, ಗುಂಡು ಎರಡೂ ಸೇರಿಸಿ ಕಟ್ಟಿದ ಚಿಪ್ಪು. ಆ ತೋಟಾಗಳನ್ನು ಅವನೇ ಕಟ್ಟುತ್ತಾನೆ. ಪಕ್ಕದಲ್ಲಿ ಕೂತು ನೋಡಿದ್ದೇನೆ. ಸೀಸಕ್ಕೆ ಚೂರು ತವರ ಬೆರೆಸಿ ಅಚ್ಚಿಗೆ ಹೊಯ್ದ ಗುಂಡು, ಒಂದೊಂದೂ ಸುಮಾರು 34 ಗ್ರಾಂ. ಎಲ್ಲವನ್ನೂ ತೂಗುತ್ತಾನೆ. ತೂಕ ಕಮ್ಮಿ ಬಂತೋ, ಒಳಗೆ ಗಾಳಿಗುಳ್ಳೆ ಇದೆ ಅಂತ ಲೆಕ್ಕ, ವಾಪಸ್ ಕರಗಿಸೋ ಪಾತ್ರೆಗೆ. ಕರಿಮದ್ದನ್ನು, ಅಂದರೆ ಹೊಗೆ ಕಾರುವ ಹಳೇ ಕಾಲದ ಮದ್ದನ್ನು, ಉದ್ದನೆಯ ಹಿತ್ತಾಳೆ ಕೊಳವೆಯಲ್ಲಿ ತೋಟಾದ ಚಿಪ್ಪಿಗೆ ನಿಧಾನಕ್ಕೆ ಇಳಿಸುತ್ತಾನೆ, ಕಾಳುಗಳು ಒತ್ತಾಗಿ ಕೂರಲಿ ಅಂತ. ಮೇಲೆ ರಟ್ಟಿನ ಬಿಲ್ಲೆ, ಆಮೇಲೆ ಗುಂಡು. ನಡುವೆ ಖಾಲಿ ಜಾಗ ಉಳಿಯಬಾರದು, ಉಳಿದರೆ ನಳಿಗೆ ಉಬ್ಬುವ ಭಯ.

ಇಷ್ಟು ನಾಜೂಕು ಯಾಕೆಂದರೆ ಆ ಗುಂಡು ಹೊರಡೋದೇ ಸೆಕೆಂಡಿಗೆ ಸುಮಾರು 1,200 ಅಡಿ ವೇಗದಲ್ಲಿ. 1,000 ಗಜ ಮುಟ್ಟಲು ಸುಮಾರು 3 ಸೆಕೆಂಡು ಬೇಕು. ತೋಟಾದಿಂದ ತೋಟಾಕ್ಕೆ ವೇಗ 20 ಅಡಿ ಆಚೀಚೆ ಆದರೂ ಸಾಕು, ಅಷ್ಟು ದೂರದಲ್ಲಿ ಗುಂಡು ಅಡಿಗಟ್ಟಲೆ ಮೇಲೆ ಕೆಳಗೆ ಬೀಳುತ್ತೆ.

ಕರಿಮದ್ದಿನ ಅರ್ಧಕ್ಕಿಂತ ಹೆಚ್ಚು ಪಾಲು ಉರಿದ ಮೇಲೆ ಕಿಟ್ಟವಾಗಿಯೋ ಹೊಗೆಯಾಗಿಯೋ ಉಳಿಯುತ್ತೆ. ಒಣ ಹವೆಯಲ್ಲಿ ನಳಿಗೆಯೊಳಗಿನ ಕಿಟ್ಟ ಗಟ್ಟಿಯಾಗಿ ಮುಂದಿನ ಈಡನ್ನು ಕೆಡಿಸುತ್ತೆ. ಅದಕ್ಕೇ ಪ್ರತಿ ಈಡಿನ ನಂತರ ಕೊಳವೆ ಹಚ್ಚಿ ಬಾಯಿಂದ ಉಸಿರು ಊದಿ ಅದನ್ನು ಮೆತ್ತಗೆ ಮಾಡುತ್ತಾರೆ. ಆಗುಂಬೆಯ ಆಷಾಢದಲ್ಲಿ ಊದುವ ಕೆಲಸವೇ ಬೇಡ. ಆದರೆ ಅದೇ ಶೀತ ತೊಳೆಯದ ನಳಿಗೆಗೆ ರಾತ್ರಿ ಬೆಳಗಾಗೋದರೊಳಗೆ ತುಕ್ಕು ಹಿಡಿಸುತ್ತೆ. ನಮ್ಮಪ್ಪ ಕೇಪಿನ ಕೋವಿ ಹಾರಿಸಿದ ದಿನ ನಳಿಗೆಗೆ ಬಿಸಿನೀರು ಹೊಯ್ಯದೆ ಊಟಕ್ಕೆ ಕೂರುತ್ತಿರಲಿಲ್ಲ. ಮದ್ದಿಗೆ ಬಿದಿರಿನ ಅಳತೆ ಇತ್ತು, ಅದನ್ನು ಬೇರೆಯವರು ಮುಟ್ಟುವ ಹಾಗಿರಲಿಲ್ಲ. ಅಳತೆ ಬದಲಾದರೆ ಪೆಟ್ಟು ಬದಲಾಗುತ್ತೆ ಅಂತ ಅವರಿಗೆ ಯಾರೂ ಪಾಠ ಮಾಡಿರಲಿಲ್ಲ.

ಕೇಪಿನ ಕೋವಿಯನ್ನು ಹೀಗಳೆಯುವವರು 1874ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಕ್ರೀಡ್‌ಮೂರ್‌ನಲ್ಲಿ ನಡೆದ ಪಂದ್ಯದ ಕಥೆ ಕೇಳಬೇಕು. ಗುರಿಯ ದೂರ 800, 900, 1,000 ಗಜ. ಅಮೆರಿಕದವರ ಕೈಯಲ್ಲಿ ಆಗಿನ ಹೊಸ ತೋಟಾ ರೈಫಲ್, ಐರ್ಲೆಂಡಿನವರದು ನಮ್ಮ ಕೇಪಿನ ಕೋವಿಯ ಹಾಗೆ ನಳಿಗೆಯ ಬಾಯಿಂದ ಮದ್ದು ತುಂಬುವ ರೈಫಲ್. ಅಮೆರಿಕ 934 ಅಂಕ, ಐರ್ಲೆಂಡ್ 931. ಅದೂ ಐರಿಷ್ ಗುರಿಕಾರನೊಬ್ಬನ ಗುಂಡು ಪಕ್ಕದ ಗುರಿಹಲಗೆಯ ನಟ್ಟನಡುವೆ ಬಿದ್ದು 4 ಅಂಕ ಕೈತಪ್ಪಿತ್ತು. ಇಲ್ಲದಿದ್ದರೆ ನಳಿಗೆಯ ಬಾಯಿಂದ ತುಂಬಿದವರೇ ಗೆಲ್ಲುತ್ತಿದ್ದರು!

ಇದನ್ನು ಓದಿ ಯಾರೂ ಮನೆಯಲ್ಲಿ ತೋಟಾ ಕಟ್ಟಲು ಹೋಗಬೇಡಿ. ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸೋದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಕರಿಮದ್ದಿನ ತೋಟಾಕ್ಕೆ ಈಗಿನ ಹೊಗೆಯಿಲ್ಲದ ಮದ್ದನ್ನು ಅದೇ ಅಳತೆಯಲ್ಲಿ ತುಂಬಿದರೆ ಕೋವಿ ಸಿಡಿದು ಕೈ, ಕಣ್ಣು ಹೋಗುತ್ತೆ. ಬೆಳೆ ರಕ್ಷಣೆಯ ಲೈಸೆನ್ಸ್ ಇರುವ ಹಿರಿಯರು ಮನೆಯಲ್ಲಿದ್ದರೆ ಎಷ್ಟು ಹಂದಿ ಹೊಡೆದಿರಿ ಅಂತ ಕೇಳಬೇಡಿ, ಹೇಗೆ ತುಂಬುತ್ತಿದ್ದಿರಿ ಅಂತ ಕೇಳಿ. ಶಿವಮೊಗ್ಗದಲ್ಲಿ ಮಕ್ಕಳಿಗೆ ಶೂಟಿಂಗ್ ಕಲಿಸಬೇಕು ಅನ್ನುವವರು 10 ಮೀಟರ್ ಏರ್ ರೈಫಲ್ಲಿನಿಂದ ಶುರು ಮಾಡಿಸಿ, ಅದರ ಪುಟ್ಟ ಗುಂಡುಗಳಾದ ಪೆಲೆಟ್‌ಗಳನ್ನು ತೂಗಿ ಬೇರೆ ಮಾಡುವುದನ್ನೂ ಆಗಲೇ ಕಲಿಸಿ.